ಬೆಳಕಿನಿಂದ ನೆಲವನ್ನಳೆಯುವ ಲಿಡಾರ್ ಯಂತ್ರವೂ ಅದರ ಹೆಸರಿನ ಅರ್ಥವೂ

ಭೂಮಾಪನ, ಅರಣ್ಯ, ನೀರಾವರಿ ಮುಂತಾದ ಕೆಲಸಗಳಿಗೆ ಸಂಬಂಧಪಟ್ಟ ವರದಿಗಳಲ್ಲಿ ಈಚೀಚೆಗೆ "ಲಿಡಾರ್" ಎಂಬ ಹೆಸರು ಪದೇ ಪದೇ ಕಾಣಬರುತ್ತಿರುವುದನ್ನು ವಾಚಕರಲ್ಲಿ ಹಲವರು ಗಮನಿಸಿರಬಹುದು. ಸಣ್ಣ ಹಾರುವ ಯಂತ್ರವೊಂದು ಹೊಲಗಳ ಮೇಲೆ ಸುಳಿದಾಡಿತೆಂದರೆ ಸಾಕು, ಗ್ರಾಮದಲ್ಲಿ ನಾನಾ ವಿಧವಾದ ಮಾತುಗಳು ಹುಟ್ಟುವುವು. ಕಂದಾಯವನ್ನು ಹೆಚ್ಚಿಸುವುದಕ್ಕಾಗಿ ಬಂದಿದೆಯೆಂದು ಕೆಲವರು, ಕೆರೆಯಂಗಳದ ಒತ್ತುವರಿಯನ್ನು ಹಿಡಿಯುವುದಕ್ಕಾಗಿ ಬಂದಿದೆಯೆಂದು ಕೆಲವರು, ನೆಲದೊಳಗಿನ ನೀರನ್ನೂ ಕಾಣುವ ಯಂತ್ರವದು ಎಂದು ಮತ್ತೆ ಕೆಲವರು ಹೇಳುವುದುಂಟು. ಇವುಗಳಲ್ಲಿ ಕೊನೆಯದು ಸರ್ವಥಾ ತಪ್ಪು. ಉಳಿದವು ಯಂತ್ರದ ಮಾತಲ್ಲ, ಯಂತ್ರವನ್ನು ಕಳುಹಿಸಿದವರ ಉದ್ದೇಶದ ಮಾತು. ಗ್ರಾಮದ ಯಜಮಾನರೂ ಭೂಮಾಲೀಕರೂ ಈ ಸಾಧನವು ಏನನ್ನು ಅಳೆಯಬಲ್ಲದು, ಏನನ್ನು ಅಳೆಯಲಾರದು ಎಂಬುದನ್ನು ತಿಳಿದಿದ್ದರೆ, ಅದರ ಅಳತೆಯನ್ನು ಆಧಾರವಾಗಿಟ್ಟುಕೊಂಡು ಹಣದ ಲೆಕ್ಕವನ್ನು ಮುಂದಿಟ್ಟಾಗ ಕೇಳತಕ್ಕ ಪ್ರಶ್ನೆಗಳನ್ನು ಕೇಳಲು ಅನುಕೂಲವಾಗುವುದೆಂದು ಈ ಲೇಖನವನ್ನು ಬರೆಯಲಾಗಿದೆ.

ಮೊದಲು ಹೆಸರಿನ ವಿಚಾರ. ಲಿಡಾರ್ ಎಂಬುದು ಯಾವ ಭಾಷೆಯ ಹಳೆಯ ನಿಘಂಟಿನಲ್ಲಿಯೂ ಸಿಕ್ಕುವ ಶಬ್ದವಲ್ಲ. ಅದು ಕೂಡಿಸಿ ಮಾಡಿದ ಹೆಸರು. ಅದಕ್ಕೆ ಮಾದರಿಯಾದುದು "ರೇಡಾರ್" ಎಂಬ ಹೆಸರು. ಯುದ್ಧಕಾಲದಲ್ಲಿ ಶತ್ರುಗಳ ವಿಮಾನಗಳನ್ನೂ ಹಡಗುಗಳನ್ನೂ ದೂರದಿಂದಲೇ ಪತ್ತೆಮಾಡಲು ರೇಡಿಯೋ ಅಲೆಗಳನ್ನು ಕಳುಹಿಸಿ, ಅವು ತಗುಲಿ ಹಿಂದಿರುಗುವುದನ್ನು ಗುರುತಿಸುವ ಸಾಧನವನ್ನು ಹಲವು ದೇಶದವರು ನಿರ್ಮಿಸಿದರು. ಅಮೆರಿಕದ ನೌಕಾಪಡೆಯವರು 1940ರಲ್ಲಿ ಅದಕ್ಕೆ "ರೇಡಿಯೋ ಡಿಟೆಕ್ಷನ್ ಅಂಡ್ ರೇಂಜಿಂಗ್" ಎಂಬ ಮಾತುಗಳ ಮೊದಲಕ್ಷರಗಳನ್ನು ಸೇರಿಸಿ ರೇಡಾರ್ ಎಂದು ಹೆಸರಿಟ್ಟರು. ರೇಡಿಯೋ ಅಲೆಯಿಂದ ಪತ್ತೆಹಚ್ಚಿ ದೂರವನ್ನು ನಿರ್ಣಯಿಸುವುದು ಎಂಬುದು ಇದರ ಅರ್ಥ. ಇಪ್ಪತ್ತು ವರ್ಷಗಳ ತರುವಾಯ ಅದೇ ಉಪಾಯವನ್ನು ಬೆಳಕಿನಿಂದ ಮಾಡಲು ಸಾಧ್ಯವಾದಾಗ, ಬೆಳಕಿಗೆ ಇಂಗ್ಲಿಷಿನಲ್ಲಿರುವ "ಲೈಟ್" ಎಂಬ ಮಾತಿನ ತಲೆಯನ್ನು ರೇಡಾರಿನ ಬಾಲಕ್ಕೆ ಜೋಡಿಸಿ ಲಿಡಾರ್ ಎಂದರು. 1963ರಲ್ಲಿ ಇಂಗ್ಲೆಂಡಿನ ಒಂದು ವಿಜ್ಞಾನ ಪತ್ರಿಕೆಯಲ್ಲಿ ಚಂದ್ರನ ವಿಷಯವಾಗಿ ಬರೆಯುತ್ತ ಈ ಹೆಸರನ್ನು ಬಳಸಿ, ಅದಕ್ಕೆ ಬೆಳಕಿನ ರೇಡಾರ್ ಎಂದೇ ಅರ್ಥವನ್ನು ಕೊಟ್ಟಿರುವುದು ಕಾಣುತ್ತದೆ. ಆಮೇಲೆ ಬಂದವರು ಈ ಹೆಸರನ್ನೂ ಮೊದಲಕ್ಷರಗಳ ಕೂಟವೆಂದು ಭಾವಿಸಿ "ಲೈಟ್ ಡಿಟೆಕ್ಷನ್ ಅಂಡ್ ರೇಂಜಿಂಗ್" ಎಂದು ಬಿಡಿಸತೊಡಗಿದರು. ಲೈಟ್ ಎಂಬುದಕ್ಕೆ ಬದಲಾಗಿ ಲೇಸರ್ ಎಂದು ಬಿಡಿಸುವವರೂ ಇದ್ದಾರೆ. ಯಾವ ರೀತಿ ಬಿಡಿಸಿದರೂ ಕೆಲಸ ಒಂದೇ: ಬೆಳಕನ್ನು ಬಿಟ್ಟು, ಅದು ಮರಳಿದುದನ್ನು ಕಂಡು, ದೂರವನ್ನು ಲೆಕ್ಕಿಸುವುದು.

ಇಲ್ಲಿ ಬರುವ ಲೇಸರ್ ಎಂಬುದೂ ಮೊದಲಕ್ಷರಗಳಿಂದಾದ ಹೆಸರೇ. "ಲೈಟ್ ಆಂಪ್ಲಿಫಿಕೇಷನ್ ಬೈ ಸ್ಟಿಮ್ಯುಲೇಟೆಡ್ ಎಮಿಷನ್ ಆಫ್ ರೇಡಿಯೇಷನ್" ಎಂಬುದು ಅದರ ಪೂರ್ಣರೂಪ. ಪ್ರಚೋದನೆಯಿಂದ ಹೊರಹೊಮ್ಮುವ ಕಿರಣಗಳ ಮೂಲಕ ಬೆಳಕನ್ನು ವರ್ಧಿಸುವುದು ಎಂದು ಹೇಳಬಹುದು. ಇದರ ತತ್ತ್ವವನ್ನು ಐನ್‌ಸ್ಟೈನ್ ಮಹಾಶಯನು 1917ರಷ್ಟು ಹಿಂದೆಯೇ ಹೇಳಿದ್ದನು. ಅದನ್ನು ಕಾರ್ಯರೂಪಕ್ಕೆ ತಂದವನು ಅಮೆರಿಕದ ಥಿಯೊಡೋರ್ ಮೈಮನ್. ಅವನು 1960ನೆಯ ಇಸವಿ ಮೇ 16ರಂದು ಮಾಣಿಕ್ಯದ ಹರಳೊಂದರಿಂದ ಮೊದಲನೆಯ ಲೇಸರ್ ಕಿರಣವನ್ನು ಹೊರಡಿಸಿದನು. ದೀಪದ ಬೆಳಕು ಎಲ್ಲ ದಿಕ್ಕಿಗೂ ಹರಡುವುದು. ಕೈದೀಪದ ಬೆಳಕು ಸ್ವಲ್ಪ ದೂರ ಹೋಗುವಷ್ಟರಲ್ಲಿ ಅಗಲವಾಗಿ ಮಂಕಾಗುವುದು. ಲೇಸರ್ ಕಿರಣವಾದರೋ ಒಂದೇ ಬಣ್ಣದ್ದು. ಬಹುದೂರದವರೆಗೆ ಎಳೆದ ದಾರದಂತೆ ನೆಟ್ಟಗೆ ಹೋಗತಕ್ಕದ್ದು. ಕಣ್ಣು ಮಿಟುಕಿಸುವ ಕಾಲದ ಕೋಟಿಯಲ್ಲೊಂದು ಪಾಲಿನಷ್ಟು ಹೊತ್ತು ಮಾತ್ರ ಹೊಳೆದು ಆರುವಂತೆ ಅದನ್ನು ಕತ್ತರಿಸಿ ಬಿಡಬಹುದು. ಅಳತೆಗೆ ಬೇಕಾದ ಗುಣಗಳು ಇವೇ.

ಅಳತೆಯ ರೀತಿಯನ್ನು ಅರಿಯುವುದಕ್ಕೆ ಹಳ್ಳಿಯವರಿಗೆ ತೊಡಕೇನೂ ಇಲ್ಲ. ಆಳವಾದ ಬಾವಿಯಲ್ಲಿ ಬಗ್ಗಿ ಕೂಗಿದರೆ ಧ್ವನಿಯು ನೀರಿಗೆ ತಗುಲಿ ಮರಳುವುದು; ಬಾವಿ ಆಳವಾದಷ್ಟೂ ಮರುದನಿ ತಡವಾಗುವುದು. ಧ್ವನಿಯ ವೇಗವು ಗೊತ್ತಿದ್ದರೆ, ತಡವಾದ ಕಾಲದಿಂದ ಆಳವನ್ನು ಹೇಳಬಹುದು. ಹೋಗುವುದಕ್ಕೂ ಬರುವುದಕ್ಕೂ ಸೇರಿ ಕಾಲ ಹಿಡಿದಿರುವುದರಿಂದ ಅದರಲ್ಲಿ ಅರ್ಧವನ್ನು ಮಾತ್ರ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಲಿಡಾರ್ ಮಾಡುವುದೂ ಇಷ್ಟೇ. ಆದರೆ ಧ್ವನಿಯು ಸೆಕೆಂಡಿಗೆ ಸುಮಾರು 340 ಮೀಟರು ಹೋದರೆ, ಬೆಳಕು ಸುಮಾರು ಮೂರು ಲಕ್ಷ ಕಿಲೋಮೀಟರು ಹೋಗುವುದು. ನೆಲದಿಂದ 900 ಮೀಟರು ಎತ್ತರದಲ್ಲಿ ಹಾರುವ ವಿಮಾನದಿಂದ ಹೊರಟ ಮಿಡಿತವು ನೆಲವನ್ನು ಮುಟ್ಟಿ ಹಿಂದಿರುಗಲು ಸೆಕೆಂಡಿನ ಹತ್ತು ಲಕ್ಷದಲ್ಲಿ ಆರು ಪಾಲು ಸಾಕು. ಸೆಕೆಂಡಿನ ನೂರು ಕೋಟಿಯಲ್ಲಿ ಒಂದು ಪಾಲಿನಷ್ಟು ಕಾಲವನ್ನು ತಪ್ಪಾಗಿ ಎಣಿಸಿದರೆ ಎತ್ತರದಲ್ಲಿ 15 ಸೆಂಟಿಮೀಟರಿನಷ್ಟು, ಎಂದರೆ ಗೇಣಿನ ಸುಮಾರು ಮೂರರಲ್ಲಿ ಎರಡು ಪಾಲಿನಷ್ಟು, ತಪ್ಪು ಬೀಳುವುದು. ಇಂತಹ ಗಡಿಯಾರವೇ ಲಿಡಾರಿನ ಜೀವಾಳವೆಂದು ಹೇಳಬೇಕು.

ಬರಿಯ ದೂರ ಗೊತ್ತಾದರೆ ಸಾಲದು. ವಿಮಾನವು ಆ ಕ್ಷಣದಲ್ಲಿ ಎಲ್ಲಿದ್ದಿತು, ಎತ್ತ ವಾಲಿದ್ದಿತು ಎಂಬುದೂ ತಿಳಿಯಬೇಕು. ಅದಕ್ಕಾಗಿ ಉಪಗ್ರಹಗಳ ಸಂಕೇತದಿಂದ ಸ್ಥಾನವನ್ನು ಹೇಳುವ ಜಿ.ಪಿ.ಎಸ್. ಎಂಬ ಸಾಧನವನ್ನೂ, ಓಲಾಟವನ್ನು ಗುರುತಿಸುವ ಇನ್ನೊಂದು ಸಾಧನವನ್ನೂ ಜೊತೆಯಲ್ಲಿರಿಸುವರು. ಕನ್ನಡಿಯೊಂದು ಅತ್ತಿತ್ತ ತಿರುಗುತ್ತ ಕಿರಣವನ್ನು ನೆಲದ ಮೇಲೆ ಬಿತ್ತನೆಯಂತೆ ಚೆಲ್ಲುವುದು. ಈಗಿನ ಯಂತ್ರಗಳು ಸೆಕೆಂಡಿಗೆ ಲಕ್ಷಗಟ್ಟಲೆ ಮಿಡಿತಗಳನ್ನು ಬಿಡುತ್ತವೆ. ಪ್ರತಿಯೊಂದು ಮಿಡಿತಕ್ಕೂ ಉದ್ದ, ಅಗಲ, ಎತ್ತರಗಳೆಂಬ ಮೂರು ಅಂಕಿಗಳು ದೊರೆತು, ಕೋಟಿಗಟ್ಟಲೆ ಚುಕ್ಕೆಗಳ ರಾಶಿಯೊಂದು ಆಗುವುದು. ಆ ಚುಕ್ಕೆಗಳಿಂದ ಊರಿನ ಏರುತಗ್ಗುಗಳನ್ನೆಲ್ಲ ಮಣ್ಣಿನ ಬೊಂಬೆಯಂತೆ ಕಾಣುವ ಹಾಗೆ ರಚಿಸಬಹುದು. 1802ನೆಯ ಏಪ್ರಿಲ್ 10ರಂದು ಲ್ಯಾಂಬ್ಟನ್ ಎಂಬ ದೊರೆಯು ಮದರಾಸಿನ ಸೇಂಟ್ ಥಾಮಸ್ ಗುಡ್ಡದ ಬಳಿ ಉಕ್ಕಿನ ಸರಪಳಿಯನ್ನು ಹಾಸಿ ಆಧಾರರೇಖೆಯನ್ನು ಅಳೆಯತೊಡಗಿದಾಗ, ಸುಮಾರು ಏಳೂವರೆ ಮೈಲಿಯ ಆ ಒಂದು ಗೆರೆಗೆ ವಾರಗಟ್ಟಲೆ ಕಾಲ ಹಿಡಿಯಿತು. ಆ ಸರಪಳಿಯ ಕೆಲಸವು ಕೀಳೆಂದು ಇದರಿಂದ ಭಾವಿಸಬಾರದು. ಅದರ ನಿಖರತೆಯನ್ನು ಈಗಲೂ ಬಲ್ಲವರು ಮೆಚ್ಚುತ್ತಾರೆ.

ಲಿಡಾರಿಗೆ ಇನ್ನೊಂದು ವಿಶೇಷವುಂಟು. ಕಿರಣವು ತೆಂಗಿನ ತೋಟದ ಮೇಲೆ ಬಿದ್ದಿತೆನ್ನೋಣ. ಅದರಲ್ಲಿ ಒಂದಂಶ ಗರಿಗೆ ತಗುಲಿ ಹಿಂದಿರುಗುವುದು; ಉಳಿದುದು ಗರಿಗಳ ಸಂದಿನಿಂದ ಇಳಿದು, ಕೆಳಗಿನ ಬಾಳೆಯೆಲೆಗೆ ಮತ್ತೊಂದಂಶವನ್ನು ಬಿಟ್ಟು, ಕಡೆಗೆ ನೆಲವನ್ನು ಮುಟ್ಟಿ ಮರಳುವುದು. ಹೀಗೆ ಒಂದೇ ಮಿಡಿತಕ್ಕೆ ಎರಡು ಮೂರು ಮರುಬೆಳಕುಗಳು ಬರುವುವು. ಮೊದಲನೆಯದರಿಂದ ಮರದ ತುದಿಯೂ ಕೊನೆಯದರಿಂದ ನೆಲದ ಮಟ್ಟವೂ ಗೊತ್ತಾಗುವುದು. ಲೆಕ್ಕದಲ್ಲಿ ಮರಗಳ ಚುಕ್ಕೆಗಳನ್ನು ತೆಗೆದುಹಾಕಿದರೆ ಕಾಡಿನಡಿಯ ನೆಲವು ಬಯಲಾಗಿ ಕಾಣುವುದು. ಛಾಯಾಚಿತ್ರಕ್ಕೆ ಈ ಶಕ್ತಿಯಿಲ್ಲ. ಅಮೆರಿಕ ಖಂಡದ ಗ್ವಾಟೆಮಾಲಾ ದೇಶದಲ್ಲಿ ದಟ್ಟವಾದ ಅಡವಿಯ ಸುಮಾರು 2,100 ಚದರ ಕಿಲೋಮೀಟರು ಪ್ರದೇಶವನ್ನು ಈ ಕ್ರಮದಿಂದ ಅಳೆದು, ಪ್ರಾಚೀನ ಮಾಯಾ ಜನರ 60,000ಕ್ಕೂ ಮೇಲ್ಪಟ್ಟ ಕಟ್ಟಡಗಳ ಕುರುಹುಗಳನ್ನು ಕಂಡುದಾಗಿ 2018ರಲ್ಲಿ ಪ್ರಕಟಿಸಿದರು. ಅರಮನೆ ಗುಡಿಗಳ ಸುದ್ದಿಯನ್ನೇ ಪತ್ರಿಕೆಗಳು ದೊಡ್ಡದಾಗಿ ಬರೆದವು. ಕೃಷಿಕರಿಗೆ ಅದಕ್ಕಿಂತ ಹೆಚ್ಚಿನದಾಗಿ ತೋರಬೇಕಾದುದು, ಆ ಕಾಡಿನಡಿಯಲ್ಲಿ ಮೆಟ್ಟಿಲುಮೆಟ್ಟಿಲಾದ ಹೊಲಗಳೂ ನೀರಿನ ಕಾಲುವೆಗಳೂ ಕಂಡುಬಂದವೆಂಬ ಸಂಗತಿ.

ವ್ಯವಸಾಯಕ್ಕೂ ನೀರಿನ ಆಡಳಿತಕ್ಕೂ ಈ ಸಾಧನವನ್ನು ಒಂದು ದೇಶದವರೆಲ್ಲ ಸೇರಿ ಬಳಸಿಕೊಂಡಿರುವುದನ್ನು ನೋಡಬೇಕಾದರೆ ಹಾಲೆಂಡನ್ನು ನೋಡಬೇಕು. ಆ ದೇಶದ ಸುಮಾರು ಕಾಲುಭಾಗ ನೆಲವು ಸಮುದ್ರಮಟ್ಟಕ್ಕಿಂತ ತಗ್ಗಿನಲ್ಲಿದೆ. ಏರಿಗಳನ್ನು ಕಟ್ಟಿ, ನೀರನ್ನು ಹೊರಗೆತ್ತಿ, ಹುಲ್ಲುಗಾವಲನ್ನೂ ಹೊಲವನ್ನೂ ಮಾಡಿಕೊಂಡಿರುವ ಜನರು ಅವರು. ನಮ್ಮಲ್ಲಿ ಕೆರೆಯ ನೀರನ್ನು ಹಂಚಿಕೊಳ್ಳುವುದಕ್ಕೆ ನೀರುಗಂಟಿಗಳಿದ್ದಂತೆ, ಅಲ್ಲಿ ಜಲಮಂಡಲಿಗಳೆಂಬ ಸ್ಥಳೀಯ ಸಂಸ್ಥೆಗಳು ಹದಿಮೂರನೆಯ ಶತಮಾನದಿಂದ ನಡೆದುಬಂದಿವೆ. ನೆಲವು ನಾಲ್ಕು ಬೆರಳು ತಗ್ಗಾದರೂ ಅಲ್ಲಿ ಒಬ್ಬನ ಬೆಳೆ ಕೊಳೆಯುವುದು. ಆದಕಾರಣ ಈ ಮಂಡಲಿಗಳೂ ಪ್ರಾಂತಾಧಿಕಾರಿಗಳೂ ಸರ್ಕಾರದ ಜಲ ಇಲಾಖೆಯೂ ಒಟ್ಟುಗೂಡಿ 1996ರಿಂದ 2003ರವರೆಗೆ ಇಡೀ ದೇಶದ ಎತ್ತರವನ್ನು ವಿಮಾನದಿಂದ ಲೇಸರಿನ ಮೂಲಕ ಅಳೆಯಿಸಿದರು. ಆಗ ಕೆಲವು ಕಡೆ 16 ಚದರ ಮೀಟರಿಗೆ ಒಂದು ಚುಕ್ಕೆ ಮಾತ್ರ ದೊರೆಯುತ್ತಿದ್ದಿತು. 2007ರಿಂದ 2012ರವರೆಗೆ ನಡೆದ ಎರಡನೆಯ ಅಳತೆಯಲ್ಲಿ ಪ್ರತಿ ಚದರ ಮೀಟರಿಗೆ ಆರರಿಂದ ಹತ್ತು ಚುಕ್ಕೆಗಳು ದೊರೆತವು. ಆಮೇಲೆಯೂ ಅಳತೆಯನ್ನು ಪುನಃ ಪುನಃ ಮಾಡಿಸಿದ್ದಾರೆ. ಈ ಅಂಕಿಗಳೆಲ್ಲ ಯಾರು ಬೇಕಾದರೂ ಹಣ ಕೊಡದೆ ನೋಡಬಹುದಾದ ಸಾರ್ವಜನಿಕ ದಾಖಲೆಗಳು. ಯಾವ ಏರಿ ಕುಸಿಯುತ್ತಿದೆ, ಯಾರ ಹೊಲದಲ್ಲಿ ಮಳೆನೀರು ನಿಲ್ಲುವುದು ಎಂಬುದನ್ನು ರೈತನೇ ನೋಡಿಕೊಳ್ಳಬಹುದು. ಅಳತೆಯ ಯಂತ್ರಕ್ಕಿಂತ ಈ ಬಯಲು ದಾಖಲೆಯೇ ದೊಡ್ಡದೆಂದು ನಮಗೆ ತೋರುತ್ತದೆ.

ನಮ್ಮ ದೇಶದಲ್ಲಿಯೂ ಈ ವಿದ್ಯೆ ಹೊಸದಲ್ಲ. 2008ನೆಯ ಅಕ್ಟೋಬರ್ 22ರಂದು ಹಾರಿಸಲ್ಪಟ್ಟ ಚಂದ್ರಯಾನ-1ರಲ್ಲಿ ಚಂದ್ರನ ಬೆಟ್ಟಕಣಿವೆಗಳ ಎತ್ತರವನ್ನಳೆಯುವ ಲೇಸರ್ ಸಾಧನವೊಂದು ಇದ್ದಿತು. ಸೆಕೆಂಡಿಗೆ ಹತ್ತು ಮಿಡಿತಗಳನ್ನು ಬಿಡುತ್ತಿದ್ದ ಆ ಸಾಧನವು ಸಿದ್ಧವಾದುದು ಬೆಂಗಳೂರಿನ ಇಸ್ರೋ ಸಂಸ್ಥೆಯ ಪ್ರಯೋಗಶಾಲೆಯಲ್ಲಿಯೇ. ನೆಲದ ಕೆಲಸಕ್ಕೆ ಬಂದರೆ, ಅಸ್ಸಾಂ, ಬಿಹಾರ, ಗೋವಾ, ಮಹಾರಾಷ್ಟ್ರ ಮುಂತಾದ ಹತ್ತು ರಾಜ್ಯಗಳ ಅರಣ್ಯಗಳಲ್ಲಿ ಮಳೆನೀರನ್ನು ತಡೆದು ಇಂಗಿಸುವ ಕಟ್ಟೆಗಳಿಗೆ ಸ್ಥಳ ಗೊತ್ತುಮಾಡುವುದಕ್ಕಾಗಿ ಲಿಡಾರ್ ಅಳತೆಯನ್ನು ಮಾಡಿ ತಯಾರಿಸಿದ ವರದಿಗಳನ್ನು ಕೇಂದ್ರ ಸರ್ಕಾರದವರು 2021ರ ಜೂನ್ ತಿಂಗಳಲ್ಲಿ ಹೊರಡಿಸಿದರು.

ಇಷ್ಟು ಹೇಳಿದ ಮೇಲೆ, ಹಾರುವುದೆಲ್ಲ ಲಿಡಾರ್ ಅಲ್ಲ, ಲೇಸರ್ ಇರುವುದೆಲ್ಲವೂ ಲಿಡಾರ್ ಅಲ್ಲ ಎಂಬುದನ್ನೂ ಹೇಳಬೇಕು. 2020ನೆಯ ಏಪ್ರಿಲ್ 24ರಂದು ಆರಂಭವಾದ ಸ್ವಾಮಿತ್ವ ಯೋಜನೆಯಲ್ಲಿ ಊರೊಳಗಿನ ಮನೆ ನಿವೇಶನಗಳನ್ನು ಗುರುತಿಸಲು ಬಳಸಿದ ಡ್ರೋನುಗಳು ಮುಖ್ಯವಾಗಿ ಛಾಯಾಚಿತ್ರಗಳನ್ನು ತೆಗೆಯುವಂಥವು. ಇನ್ನು ಗದ್ದೆಯನ್ನು ಮಟ್ಟ ಮಾಡುವ ಲೇಸರ್ ಯಂತ್ರವೂ ಬೇರೆಯ ಬಗೆಯದು. ಅಲ್ಲಿ ಮೂರುಕಾಲಿನ ಪೀಠದ ಮೇಲಿಟ್ಟ ದೀಪವೊಂದು ಸುತ್ತುತ್ತ, ಗದ್ದೆಯ ಮೇಲೆ ಕಾಣದಂಥ ಬೆಳಕಿನ ಹಲಗೆಯೊಂದನ್ನು ಹಾಸಿದಂತೆ ಮಾಡುವುದು. ಟ್ರಾಕ್ಟರು ಎಳೆಯುವ ಗೋರುಹಲಗೆಗೆ ನಿಲ್ಲಿಸಿದ ಕೋಲಿನ ತುದಿಯಲ್ಲಿರುವ ಕಣ್ಣು ಆ ಬೆಳಕನ್ನು ಕಂಡು, ಹಲಗೆಯನ್ನು ತಾನೇ ಏರಿಸುವುದು ಇಳಿಸುವುದು. ಬೆಳಕು ಹೋಗಿಬರುವ ಕಾಲವನ್ನು ಅದು ಎಣಿಸುವುದಿಲ್ಲವಾದ್ದರಿಂದ ಅದಕ್ಕೆ ಲಿಡಾರ್ ಎಂಬ ಹೆಸರು ಸಲ್ಲದು. ಆದರೆ ಪ್ರಯೋಜನದಲ್ಲಿ ಅದು ಹಿಂದೆ ಬಿದ್ದುದಲ್ಲ. ಪಂಜಾಬು ಹರಿಯಾಣಗಳ ರೈತರ ಗದ್ದೆಗಳನ್ನು ಪರಿಶೀಲಿಸಿ 2015ರಲ್ಲಿ ಪ್ರಕಟವಾದ ವರದಿಯಂತೆ, ಹೀಗೆ ಮಟ್ಟ ಮಾಡಿದ ಭತ್ತದ ಗದ್ದೆಗಳಲ್ಲಿ ನೀರು ಕಟ್ಟುವ ಕಾಲವು ಪೈರೊಂದಕ್ಕೆ ಹೆಕ್ಟೇರಿಗೆ 47ರಿಂದ 69 ಗಂಟೆಗಳಷ್ಟು ಕಡಮೆಯಾಗಿ, ಇಳುವರಿಯು ನೂರಕ್ಕೆ ಸುಮಾರು ಏಳರಷ್ಟು ಹೆಚ್ಚಿತು. ಎರಡು ಸೆಂಟಿಮೀಟರಿನೊಳಗೆ ಮಟ್ಟ ಬೇಕಾದ ಈ ಕೆಲಸಕ್ಕೆ ಮೇಲಿನಿಂದ ಅಳೆಯುವ ಲಿಡಾರನ್ನು ನಂಬಿ ಕೂಡುವುದು ಸರಿಯಲ್ಲ. ತೆರೆದ ಗಟ್ಟಿ ನೆಲದಲ್ಲಿಯೂ ಅದರ ಎತ್ತರದ ಅಳತೆಯಲ್ಲಿ ಸಾಮಾನ್ಯವಾಗಿ 5ರಿಂದ 10 ಸೆಂಟಿಮೀಟರು, ಎಂದರೆ ಮೂರರಿಂದ ಐದು ಬೆರಳಗಲ, ಹೆಚ್ಚುಕಡಮೆ ಇರಬಹುದು.

ಹಾಗಾದರೆ ನಮ್ಮ ಗ್ರಾಮಗಳಲ್ಲಿ ಅದರಿಂದ ಆಗತಕ್ಕ ಕೆಲಸ ಯಾವುದೆಂದರೆ, ಕಾಲುವೆ ಮತ್ತು ಕೆರೆಯ ಕೆಲಸ. ಅಚ್ಚುಕಟ್ಟಿನ ಕೊನೆಯ ಗದ್ದೆಗಳಿಗೆ ನೀರು ಬಾರದಿದ್ದರೆ, ಮೇಲಿನವರು ತೂಬನ್ನು ಕಟ್ಟಿದರೆಂದು ಕೆಳಗಿನವರು ದೂರುವರು. ಹಲವು ವೇಳೆ ದೂರು ನಿಜವೂ ಆಗಿರುವುದು. ಆದರೆ ಸಾವಿರ ಅಡಿಗೆ ಒಂದು ಅಡಿ ಇಳಿಜಾರಿರುವ ಕಾಲುವೆಯಲ್ಲಿ ಒಂದೆಡೆ ಮುಕ್ಕಾಲು ಅಡಿ, ಎಂದರೆ ಒಂದು ಗೇಣು, ಹೂಳು ನಿಂತರೆ, ಅದು 750 ಅಡಿ ಉದ್ದದ ಇಳಿಜಾರನ್ನೇ ನುಂಗಿಬಿಡುವುದು. ಕಣ್ಣಿಗೆ ಇದು ಕಾಣುವುದಿಲ್ಲ. ಮನುಷ್ಯರು ಒಬ್ಬರನ್ನೊಬ್ಬರು ಶಂಕಿಸುವರು. ಒಣಗಿದ ಕಾಲುವೆಯ ಉದ್ದಕ್ಕೂ ಲಿಡಾರ್ ಅಳತೆಯಾದರೆ ಗೇಣಿನಷ್ಟು ಏರು ಮರೆಯಾಗುವಂತಿಲ್ಲ.

ಕೆರೆಯ ಹೂಳಿನ ಲೆಕ್ಕವು ಇದಕ್ಕಿಂತ ದೊಡ್ಡದು. ಒಂದು ಎಕರೆಯ ಮೇಲೆ ಒಂದು ಅಡಿ ಮಣ್ಣೆಂದರೆ 43,560 ಘನ ಅಡಿ. ನಾಲ್ವತ್ತು ಎಕರೆಯ ಕೆರೆಯಂಗಳದಲ್ಲಿ ಒಂದು ಅಡಿ ಹೂಳೆಂದರೆ 17,42,400 ಘನ ಅಡಿ. ಹೂಳೆತ್ತುವುದಕ್ಕೆ ಮುಂಚೆ ಒಂದು ಸಲ, ಎತ್ತಿದ ಮೇಲೆ ಒಂದು ಸಲ ಅಳೆದು, ಒಂದರಿಂದ ಒಂದನ್ನು ಕಳೆದರೆ ತೆಗೆದ ಮಣ್ಣಿನ ಮೊತ್ತ ದೊರೆಯುವುದು. ಲಾರಿಗಳನ್ನು ಎಣಿಸುವುದಕ್ಕಿಂತ ಇದು ಎಷ್ಟೋ ಮೇಲು. ಆದರೂ ಎಚ್ಚರಿಕೆ ಬೇಕು. ಎರಡು ಅಳತೆಗಳಲ್ಲಿ ಒಂದು ಎಲ್ಲೆಡೆಯಲ್ಲಿಯೂ ಎರಡು ಅಂಗುಲ ಮೇಲಾಗಿಯೋ ಕೆಳಗಾಗಿಯೋ ಬಿದ್ದಿದ್ದರೆ, ಅದೇ ನಾಲ್ವತ್ತು ಎಕರೆಗೆ 2,90,400 ಘನ ಅಡಿಯ ವ್ಯತ್ಯಾಸವಾಗಿ, ತೆಗೆಯದ ಮಣ್ಣಿಗೆ ಹಣ ಸಲ್ಲಬಹುದು, ಅಥವಾ ದುಡಿದವನಿಗೆ ಸಲ್ಲತಕ್ಕುದು ತಪ್ಪಬಹುದು. ಇದನ್ನು ತಡೆಯುವ ಉಪಾಯ ಸುಲಭವಾದುದು. ತೂಬಿನ ಕಲ್ಲು, ಕೋಡಿಯ ಕಟ್ಟೆ, ಶಾಲೆಯ ಮುಂದಿನ ಗಚ್ಚಿನ ನೆಲ, ದೇವಸ್ಥಾನದ ಕಲ್ಲುಹಾಸಿದ ಅಂಗಳ ಇಂತಹ ಕದಲದ ಸ್ಥಳಗಳನ್ನು ನಾಲ್ಕೈದಾದರೂ ಗೊತ್ತುಮಾಡಿ, ಎರಡೂ ಸಲ ಅವುಗಳ ಎತ್ತರವನ್ನು ತೋರಿಸುವಂತೆ ಕೇಳಬೇಕು. ಕಲ್ಲು ಬೆಳೆಯುವುದಿಲ್ಲ. ಎರಡನೆಯ ಅಳತೆಯಲ್ಲಿ ತೂಬಿನ ಕಲ್ಲು ಎರಡು ಅಂಗುಲ ಇಳಿದಂತೆ ಕಂಡರೆ ಇಳಿದುದು ಕಲ್ಲಲ್ಲ, ಅಳತೆ.

ಅಳೆಯುವ ಕಾಲವನ್ನೂ ಆರಿಸಿಕೊಳ್ಳಬೇಕು. ನೆಲವನ್ನಳೆಯುವ ಸಾಮಾನ್ಯ ಲಿಡಾರಿನ ಕಿರಣವು ಕಣ್ಣಿಗೆ ಕಾಣದ ರಕ್ತಾತೀತ ಕಿರಣವಾಗಿದ್ದು, ನೀರು ಅದನ್ನು ಹೀರಿಬಿಡುವುದು. ಹಸುರು ಬಣ್ಣದ ಲೇಸರಿನಿಂದ ತಿಳಿನೀರಿನ ತಳವನ್ನು ಕಾಣುವ ಯಂತ್ರಗಳು ಉಂಟಾದರೂ, ನಮ್ಮ ಕೆರೆಗಳ ಕೆಂಪು ಕದಡುನೀರಿನಲ್ಲಿ ಅವುಗಳ ಆಟ ನಡೆಯದು. ಆದುದರಿಂದ ಕೆರೆಯನ್ನು ಬೇಸಗೆಯಲ್ಲಿ ನೀರಿಳಿದ ಮೇಲೆ ಅಳೆಯಿಸಬೇಕು. ಕಬ್ಬಿನ ಗದ್ದೆಯು ತುಂಬ ಬೆಳೆದು ಒತ್ತಾಗಿರುವಾಗ ಕಿರಣಕ್ಕೆ ಸಂದು ಸಿಕ್ಕದೆ, ಕಬ್ಬಿನ ಸೋಗೆಯನ್ನೇ ನೆಲವೆಂದು ಲೆಕ್ಕಿಸುವ ತಪ್ಪೂ ಆಗುವುದುಂಟು. ಕಟಾವಾದ ಮೇಲೆ ಅಳೆದರೆ ಈ ಶಂಕೆಯಿಲ್ಲ. ಜಾಲಿಯ ಪೊದೆ ದಟ್ಟವಾಗಿ ಬೆಳೆದ ಅಂಗಳದ ಮಾತೂ ಹೀಗೆಯೇ. ರಾತ್ರಿಯ ಕತ್ತಲೆಯಿಂದ ಲಿಡಾರಿಗೆ ತೊಂದರೆಯಿಲ್ಲ, ಅದು ತನ್ನ ಬೆಳಕನ್ನು ತಾನೇ ತರುವುದು. ಆದರೆ ಮೋಡವನ್ನೂ ಮಂಜನ್ನೂ ಮಳೆಯನ್ನೂ ದಾಟುವ ಶಕ್ತಿ ರೇಡಾರಿನಂತೆ ಅದಕ್ಕಿಲ್ಲ.

ಕೊನೆಯದಾಗಿ ಎಲ್ಲೆಯ ವಿಚಾರ. ಬದು ಎಲ್ಲಿದೆ, ಬೇಲಿ ಎಲ್ಲಿದೆ, ಎಷ್ಟು ಎತ್ತರವಿದೆ ಎಂಬುದನ್ನು ಲಿಡಾರ್ ಹೇಳುವುದು. ಆ ಬದುವು ಇರಬೇಕಾದ ಸ್ಥಳದಲ್ಲಿದೆಯೆ, ಅಥವಾ ಪ್ರತಿವರ್ಷ ಉಳುವಾಗ ಒಂದು ಮೊಳದಂತೆ ನೆರೆಯವನ ಕಡೆಗೆ ಸರಿದುಹೋಗಿದೆಯೆ ಎಂಬುದನ್ನು ಅದು ಹೇಳಲಾರದು. 33 ಅಡಿಯ ಚೌಕವು ಗುಂಟೆಯೆಂದೂ 40 ಗುಂಟೆ ಎಕರೆಯೆಂದೂ ಲೆಕ್ಕಹಾಕಿ ಬರೆದ ಹಳೆಯ ಟಿಪ್ಪಣಿ, ಪಹಣಿ, ನೆಟ್ಟ ಬಾಂದುಕಲ್ಲು ಇವುಗಳಿಂದಲೇ ಅದು ನಿರ್ಣಯವಾಗತಕ್ಕದ್ದು. ನೆಲದಿಂದ ಒಂದಡಿ ಮಾತ್ರ ಮೇಲಿರುವ ಕಲ್ಲು, ಹುಲ್ಲಿನಲ್ಲಿ ಮುಚ್ಚಿಹೋಗಿದ್ದರೆ, ಚುಕ್ಕೆಗಳ ನಡುವೆ ತಪ್ಪಿಹೋಗುವುದೂ ಸಂಭವವೇ. ಆದಕಾರಣ ಅಳತೆಯವರು ಬರುವರೆಂದು ತಿಳಿದ ಕೂಡಲೆ ಬಾಂದುಕಲ್ಲುಗಳ ಸುತ್ತ ಹುಲ್ಲನ್ನು ಸವರಿ, ಕಾಣುವಂತೆ ಸುಣ್ಣವನ್ನು ಬಳಿಸುವುದು ಒಳ್ಳೆಯದು. ಕಲ್ಲು ಕಾಣೆಯಾಗಿದ್ದರೆ ಯಂತ್ರವು ಹಾರುವುದಕ್ಕೆ ಮುಂಚೆಯೇ ಸರ್ವೆ ಅಧಿಕಾರಿಗಳಿಗೆ ಅರ್ಜಿ ಕೊಟ್ಟು ನೆಡಿಸಿಕೊಳ್ಳತಕ್ಕದ್ದು. ಗದ್ದೆ ಮಟ್ಟಮಾಡುವ ಯಂತ್ರದ ಲೇಸರ್ ದೀಪವನ್ನು ಮಕ್ಕಳು ಹತ್ತಿರದಿಂದ ದಿಟ್ಟಿಸಿ ನೋಡದಂತೆ ನೋಡಿಕೊಳ್ಳಬೇಕು.